ಏಕನಾಥನ ಎದೆಯ ಅಳತೆ

ಭಾಲ್ಕಿ ತಾಲೂಕಿನಲ್ಲಿ ಮನುಷ್ಯಮಾತ್ರರಿಂದ ಅಳೆಯಲಾಗದ ವಸ್ತುಗಳು ಎರಡೇ ಎರಡು. ಒಂದು, ಮಳೆಗಾಲದಲ್ಲಿ ಉಕ್ಕಿ ಬರುವ ಮಾಂಜ್ರಾ ನದಿಯ ನೀರು. ಇನ್ನೊಂದು, ಸಾಯಗಾಂವದ ಏಕನಾಥನ ಎದೆ. ಮೊದಲನೆಯದಕ್ಕೆ ಇಲಾಖೆಯವರು ಕಂಬ ನೆಟ್ಟು, ಗುರುತು ಹಾಕಿ, ಏನೋ ಒಂದು ಅಂದಾಜಿಗೆ ಬಂದಿದ್ದರು. ಎರಡನೆಯದರ ಹತ್ತಿರ ಟೇಪು ಹಿಡಿದು ಹೋದವರು ಮಾತ್ರ ಒಂದೋ ಸಿಟ್ಟಿನಿಂದ ವಾಪಸಾಗಿದ್ದರು, ಇಲ್ಲವೇ ತಾವೂ ನಗುತ್ತ ನೆಲಕ್ಕೆ ಕೂತಿದ್ದರು.

ಕಾರಣ ಇಷ್ಟೇ, ಏಕನಾಥನಿಗೆ ಕಚಗುಳಿ ಜಾಸ್ತಿ. ಇದನ್ನು ಇಷ್ಟೇ ಎನ್ನುವುದು ಬೀದರ ಕೋಟೆಯನ್ನು ಒಂದು ಕಲ್ಲಿನ ಗೋಡೆ ಎಂದ ಹಾಗೆ. ಊರವರು ಹೇಳುವ ಪ್ರಕಾರ, ಅವನು ಹುಟ್ಟಿದಾಗ ಸೂಲಗಿತ್ತಿ ಎದೆ ಒರೆಸಲು ಬಟ್ಟೆ ತಾಗಿಸಿದ್ದೇ ತಡ, ಅಳಬೇಕಾದ ಕೂಸು ಕಿಲಕಿಲ ನಕ್ಕಿತು. ಆಕೆ ಬಟ್ಟೆಯನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಹೋಗಿ, ಎಲೆ ಅಡಿಕೆ ಹಾಕಿಕೊಂಡು, ಧೈರ್ಯ ತಂದುಕೊಂಡು ಒಳಗೆ ಬಂದಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಜ್ವರ ಬಂದು ದವಾಖಾನೆಗೆ ಒಯ್ದರು. ಡಾಕ್ಟರು ಎದೆಗೆ ಬಡಿತ ಕೇಳುವ ನಳಿಗೆ ಇಟ್ಟರು. ಏಕನಾಥ ನಕ್ಕ. ನಗು ನಳಿಗೆಯೊಳಗಿಂದ ಏರಿ ನೇರ ಡಾಕ್ಟರ ಕಿವಿಗೆ ಹೊಕ್ಕಿತು. ಡಾಕ್ಟರು ನಕ್ಕರು, ನರ್ಸಬಾಯಿ ನಕ್ಕಳು, ಸಾಲಿನಲ್ಲಿ ಕೆಮ್ಮುತ್ತ ನಿಂತವರೆಲ್ಲ ಕೆಮ್ಮು ಮರೆತು ನಕ್ಕರು. ಅವತ್ತು ಆ ದವಾಖಾನೆಯಲ್ಲಿ ಒಂದು ಗುಳಿಗೆಯೂ ಖರ್ಚಾಗಲಿಲ್ಲ ಎಂದು ಸಾಯಗಾಂವದ ಹಿರಿಯರು ಇಂದಿಗೂ ಆಣೆ ಇಟ್ಟು ಹೇಳುತ್ತಾರೆ. ಊರ ಕಟಿಂಗ್ ಅಂಗಡಿಯವನಂತೂ ಅವನ ಗದ್ದದ ಕೆಳಗೆ ಕತ್ತಿ ಆಡಿಸುವಾಗ ಮೈಲಾರ ಮಲ್ಲಣ್ಣನನ್ನು ಗಟ್ಟಿಯಾಗಿ ಕೂಗಿಕೊಳ್ಳುತ್ತಾನೆ.

ಇಂಥ ಎದೆ ಹೊತ್ತವನು ಪೊಲೀಸ್ ಆಗಬೇಕೆಂದು ಹೊರಟ. ಮತ್ತು ಸರಕಾರವು, ಯಾವ ಜನ್ಮದ ದ್ವೇಷವೋ, ಪೊಲೀಸ್ ಆಗುವವನ ಬರೀ ಎದೆಯ ಸುತ್ತ ಟೇಪು ಸುತ್ತಿ ನೋಡಬೇಕೆಂದು ನಿಯಮ ಮಾಡಿಟ್ಟಿತ್ತು.

ಈ ಮಹಾಸಂಗ್ರಾಮದಲ್ಲಿ ಏಕನಾಥನ ಪರವಾಗಿ ಸೇನಾಪತಿಯ ಪಟ್ಟ ವಹಿಸಿಕೊಂಡವರು ಅಬ್ದುಲ ವಾಹೀದ ಮಾಸ್ತರು. ಭಾಲ್ಕಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಟೇಲರ್ ಅಂಗಡಿ. ತಾಲೂಕಿನ ಅರ್ಧ ಖಾಕಿ ಅವರ ಮಶೀನಿನ ಕೆಳಗಿನಿಂದಲೇ ಹೊರಬಂದದ್ದು. ಕೊರಳಲ್ಲಿ ಟೇಪು ಇಲ್ಲದ ಮಾಸ್ತರನ್ನು ಅವರ ಹೆಂಡತಿ ಮರಿಯಮಬೀ ಮದುವೆಯ ದಿನ ಒಮ್ಮೆ ನೋಡಿದ್ದಳಂತೆ. ಆಮೇಲೆ ನೋಡಿಲ್ಲ. ಏಕನಾಥನ ತಂದೆ ಅವರ ಜೀವದ ಗೆಳೆಯ. ಗೆಳೆಯ ತೀರಿಕೊಂಡ ಮೇಲೆ ಹುಡುಗನ ಹಾಫ್ ಪ್ಯಾಂಟಿನಿಂದ ಹಿಡಿದು ಕಾಲೇಜಿನ ಅಂಗಿಯವರೆಗೆ ಎಲ್ಲವನ್ನೂ ಹೊಲಿದವರು ಅವರೇ, ಮತ್ತು ಎಲ್ಲವನ್ನೂ ಕಣ್ಣಳತೆಯಲ್ಲೇ. "ಇಡೀ ಜಿಲ್ಲಾದ ಮಂದಿ ಛಾತಿ ನಾಪೀನಿ," ಎಂದು ಅವರು ತಾವು ಅಳೆದ ಎದೆಗಳ ಲೆಕ್ಕ ಹೇಳಿ ಬಂದವರ ಮುಂದೆಲ್ಲ ದುಃಖ ತೋಡಿಕೊಳ್ಳುತ್ತಿದ್ದರು. "ಠಾಣೇದಾರಂದು, ತಹಶೀಲ್ದಾರಂದು, ಒಮ್ಮೆ ಬ್ಯಾಂಡಿನ ಢೋಲ್‌ಗೂ ಗವಸು ಹೊಲದೀನಿ. ಇವನ ಛಾತಿ ಒಂದೇ ನನ್ನ ಕೈಗಿ ಸಿಕ್ಕಿಲ್ಲ."

ಏಕನಾಥನಿಗೆ ಈ ನೌಕರಿಯ ಹುಚ್ಚು ಹತ್ತಿದ್ದೂ ಆ ಅಂಗಡಿಯ ಕಟ್ಟೆಯ ಮೇಲೆಯೇ.

"ಯಾಕೋ ಬೇಟಾ, ಪೊಲೀಸ್ ನೌಕರೀನೇ ಯಾಕ ಬೇಕು?" ಎಂದು ಮಾಸ್ತರು ಒಮ್ಮೆ ಕೇಳಿದ್ದರು.

"ಚೌಕನ್ಯಾಗ ನೋಡಿ ಬಂದೀನಿ ಚಾಚಾ. ಒಬ್ಬಾಕಿ ಪೊಲೀಸ್ ಬಾಯಿ ಒಂದು ಕೈ ಎತ್ತಿದ್ಳು, ಕಬ್ಬಿನ ಲಾರಿ ಗಪ್ಪನೆ ನಿಂತುಬಿಡ್ತರಿ. ನಮ್ಮನಿ ಎಮ್ಮಿ ಮುಂದ ನಾ ಎರಡೂ ಕೈ ಎತ್ತಿ ನಿಂತರ ಅದು ನನ್ನ ಮ್ಯಾಲಿಂದೇ ಹೋಗ್ತದ."

ಅಷ್ಟು ಸಾಕಾಯಿತು. ಮಾಸ್ತರು ಅವತ್ತೇ ಒಂದು ತಾನಿನಿಂದ ಒಳ್ಳೆಯ ಖಾಕಿ ಬಟ್ಟೆ ಕತ್ತರಿಸಿ, ಮಡಚಿ, ಎಲ್ಲಕ್ಕಿಂತ ಮೇಲಿನ ಅಟ್ಟದಲ್ಲಿ ಇಟ್ಟುಬಿಟ್ಟರು. "ಇದು ಏಕನಾಥಂದು. ಯಾರೂ ಮುಟ್ಟಬ್ಯಾಡ್ರಿ."

ಮೊದಲ ಸಲದ ಯುದ್ಧ ಹೀಗೆ ನಡೆಯಿತು. ಅಳೆಯುವವನು ಟೇಪು ತಾಗಿಸಿದ. ಏಕನಾಥ ನಕ್ಕ. "ಉಸಿರು ಎಳಿ" ಎಂದ. ಏಕನಾಥ ಇನ್ನೂ ನಕ್ಕ. ನಕ್ಕಾಗ ಇದ್ದ ಗಾಳಿಯೆಲ್ಲ ಹೊರಗೆ ಹೋಗಿ, ಹಿಗ್ಗಬೇಕಾದ ಎದೆ ಕುಗ್ಗಿತು. ಉಸಿರೆಳೆದರೆ ಸಣ್ಣದಾಗುವ ಎದೆಯನ್ನು ಇಲಾಖೆ ಅಲ್ಲಿಯವರೆಗೆ ಕಂಡಿರಲಿಲ್ಲ. "ಪೊಲೀಸರ ಮುಂದ ಹಲ್ಲು ಕಿಸೀತಿ?" ಎಂದು ಬೈದು ಕಳಿಸಿದರು. ಎರಡನೆಯ ಸಲ ಅವನು ಯಾರದೋ ಮಾತು ಕೇಳಿ, ಕಹಿಗೆ ನಗು ಬರಲಾರದೆಂದು ಬಾಯಿ ತುಂಬ ಬೇವಿನೆಲೆ ತುಂಬಿಕೊಂಡು ಹೋದ. ನಗು ಬಂತು. ಬೇವು ಹೋಯಿತು, ನೇರ ಎದುರಿಗಿದ್ದವರ ಇಸ್ತ್ರಿ ಮಾಡಿದ ಅಂಗಿಯ ಮೇಲೆ. ಆ ಸಲ ಬೈಗುಳ ಇನ್ನೂ ಉದ್ದವಾಗಿತ್ತು.

ಈಗ ಮೂರನೆಯ ಸಲ, ಮತ್ತು ಇದೇ ಕೊನೆಯದು. ಮುಂದಿನ ಭರ್ತಿ ಬರುವ ಹೊತ್ತಿಗೆ ಅವನ ವಯಸ್ಸು ಮಿತಿ ದಾಟಿಬಿಡುತ್ತದೆ. ಇಂಟರ್ನೆಟ್ ಅಂಗಡಿಯಲ್ಲಿ ಕೂತು ಅರ್ಜಿ ತುಂಬಿದ್ದಾಯಿತು, ಕಲ್ಯಾಣ ಕರ್ನಾಟಕದವನೆಂಬ ಪ್ರಮಾಣಪತ್ರ ತಂದದ್ದಾಯಿತು, ಬರೆಯುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಿದ್ದದ್ದೂ ಆಯಿತು. ಓಡುವುದರಲ್ಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ಅವನಿಗೂ ಖಾಕಿಗೂ ನಡುವೆ ಉಳಿದದ್ದು ಒಂದು ಟೇಪು. ಉಸಿರು ಎಳೆದಾಗ ಎದೆ ಎಂಬತ್ತಾರು ಸೆಂಟಿಮೀಟರ್ ತೋರಿಸಬೇಕು, ತೋರಿಸುವಾಗ ನಗಬಾರದು.

ಅವನ ತಾಯಿ ಭಾಗೀರಥಿಬಾಯಿ ಹಾಲಿನ ಕ್ಯಾನು ಇಳಿಸಿ ಅಂಗಡಿಯ ಕಟ್ಟೆಯ ಮೇಲೆ ಕೂತಳು.

"ಭಾಯ್, ಈ ಸಲ ಹ್ಯಾಂಗರೆ ಮಾಡ್ರಿ. ಇಲ್ಲಂದ್ರ ಇಂವಾ ಜನ್ಮ ಪೂರ್ತಿ ಆ ಎಮ್ಮಿ ಮುಂದೇ ಕೈ ಎತ್ತಿ ನಿಂದರ್ತಾನ."

"ವೈನಿ, ಚಿಂತಿ ಬಿಡ್ರಿ," ಎಂದು ಮಾಸ್ತರು ಕೊರಳಿನ ಟೇಪನ್ನು ಖಡ್ಗದಂತೆ ಎಳೆದುಕೊಂಡರು. "ಟೇಪಿನ ಅಂಜಿಕಿ ಟೇಪಿನಿಂದೇ ಬಿಡಸ್ತೇನಿ."

ಒಳಗಿನಿಂದ ಮರಿಯಮಬೀ ಕೂಗಿದಳು. "ಮೊದಲ ನಿಮ್ಮ ಕೈ ಬಿಸಿ ಮಾಡ್ಕೋರಿ. ಹೆಣದ ಕೈ ಇದ್ಹಂಗ ಥಂಡ ಅವ. ಯಾರಿಗಾದ್ರೂ ಗುದಗುದಿ ಆಗ್ತದ."

ತರಬೇತಿ ಶುರುವಾಯಿತು. ಮೊದಲು ಸ್ವೆಟರಿನ ಮೇಲಿಂದ ಅಳೆದರು. ಏಕನಾಥ ಸಹಿಸಿದ. ಅಂಗಿಯ ಮೇಲಿಂದ ಅಳೆದರು. ಕಣ್ಣಲ್ಲಿ ನೀರು ಬಂದರೂ ಸಹಿಸಿದ. ಬನಿಯನ್ನಿನ ಮೇಲೆ ಟೇಪು ಬಂದ ದಿನ ಅವನು ನಕ್ಕ ರಭಸಕ್ಕೆ ಗುಂಡಿಗಳ ಡಬ್ಬಿ ಉರುಳಿ, ಸಂಜೆಯವರೆಗೆ ಮಾಸ್ತರು, ಮರಿಯಮಬೀ ಮತ್ತು ಅಭ್ಯರ್ಥಿ ಮೂವರೂ ಮಂಡಿಯೂರಿ ಗುಂಡಿ ಹುಡುಕಿದರು. ಬರೀ ಮೈಯ ಮಾತೇ ಬೇರೆ. ಮಾಸ್ತರು ಟೇಪಿನ ಒಳಗೆ ಎರಡು ಬೆರಳು ಹಾಕಿ ಎಳೆಯುವವರು. ಬಟ್ಟೆಯಲ್ಲಿ ಮನುಷ್ಯ ಉಸಿರಾಡಬೇಕು, ಹಬ್ಬದಲ್ಲಿ ನಾಲ್ಕು ಹೋಳಿಗೆ ಹೆಚ್ಚು ತಿಂದರೂ ಗುಂಡಿ ಹಾರಬಾರದು ಎಂದು ಅವರಿಗೆ ಹೊಲಿಗೆ ಹೇಳಿಕೊಟ್ಟ ಉಸ್ತಾದರು ಕಲಿಸಿದ್ದ ಪದ್ಧತಿ. ಆ ಎರಡು ಬೆರಳು ಪಕ್ಕೆಗೆ ತಾಗಿದ ಕೂಡಲೇ ಏಕನಾಥ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಸೇರಿಕೊಂಡುಬಿಡುತ್ತಿದ್ದ.

ಆಗ ಔರಾದಿನ ತುಳಜಾರಾಮ ಉಸ್ತಾದರ ಹೆಸರು ಬಂತು. ಮುಪ್ಪಿನ ಪೈಲ್ವಾನರು, ತಾಲೀಮು ಎಂದರೆ ಗರಡಿಮನೆ ನಡೆಸುವವರು, ಮೈಯುಜ್ಜುವುದರಲ್ಲಿ ಎತ್ತಿದ ಕೈ. ಎಂಥ ಕಚಗುಳಿಯನ್ನೂ ಎಣ್ಣೆ ಹಚ್ಚಿ ಉಜ್ಜಿ ಮೈಯಿಂದ ಹಿಂಡಿ ತೆಗೆಯುತ್ತಾರೆಂಬ ಖ್ಯಾತಿ. ಮಾಸ್ತರು ಒಂದು ದಿನ ಅಂಗಡಿ ಮುಚ್ಚಿ, ಶಿಷ್ಯನನ್ನು ಬಸ್ಸಿನಲ್ಲಿ ಔರಾದಿಗೆ ಒಯ್ದರು.

ಉಸ್ತಾದರು ಮೀಸೆ ತಿರುವುತ್ತ ಏಕನಾಥನನ್ನು ಮೇಲಿನಿಂದ ಕೆಳಗೆ ನೋಡಿದರು.

"ಇದೇನ್ರಿ ಮಾಸ್ತರ್, ದೊಡ್ಡ ಮಾತೇನು? ಮೊದಮೊದಲ ನಮ್ಮ ಪೈಲ್ವಾನರೂ ಹಿಂಗೇ ಇರ್ತಾರ. ಆಮ್ಯಾಲ ಕಟಗಿ ಆಗ್ತಾರ. ಮಲಗಪ್ಪಾ ತಮ್ಮಾ."

ಏಕನಾಥ ಕೆಂಪು ಮಣ್ಣಿನ ಮೇಲೆ ಮಲಗಿದ. ಸುತ್ತ ಲಂಗೋಟಿ ಬಿಗಿದ ಕೆಲವು ಪೈಲ್ವಾನರು ಗಂಭೀರವಾಗಿ ನಿಂತರು. ಉಸ್ತಾದರು ಬಿಸಿ ಎಣ್ಣೆ ಅಂಗೈಗೆ ಸುರಿದುಕೊಂಡು, ಜೈ ಎಂದು, ಪಕ್ಕೆಗೆ ಕೈ ಹಚ್ಚಿದರು. ಏಕನಾಥ ಮೊದಲು ಸಣ್ಣಗೆ ನಕ್ಕ. ಆಮೇಲೆ ನಗು ಎದ್ದು ನಿಂತಿತು. ಅದೊಂದು ವಿಚಿತ್ರ ನಗು, ಮೊದಲು ಕೀರಲು, ನಡುವೆ ಗುಡುಗುಡು, ಕೊನೆಗೆ ಉಸಿರು ಸಿಗದೆ ಬರುವ ಒಂದು ಸೀಟಿ. ಸೀಟಿ ಬಂದ ಕ್ಷಣ ಮೂಲೆಯಲ್ಲಿ ಬೈಠಕ್ ಹೊಡೆಯುತ್ತಿದ್ದ ಒಬ್ಬ ಪೈಲ್ವಾನ ಕೂತಲ್ಲೇ ಕೂತ. ಇನ್ನೊಬ್ಬನ ಕೈಯಿಂದ ಗದೆ ಜಾರಿತು. ಕುಸ್ತಿ ಹಿಡಿದಿದ್ದ ಜೋಡಿ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಗತೊಡಗಿತು. ಉಸ್ತಾದರು ಹಲ್ಲು ಕಚ್ಚಿ ಇನ್ನೊಮ್ಮೆ ಉಜ್ಜಿದರು. ಎರಡನೆಯ ಸೀಟಿ ಬಂತು. ಎಷ್ಟೋ ಕುಸ್ತಿಯ ಕಣಗಳಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ತುಳಜಾರಾಮ ಉಸ್ತಾದರು ಅವತ್ತು ತಮ್ಮದೇ ತಾಲೀಮಿನಲ್ಲಿ ಹೊಟ್ಟೆ ಹಿಡಿದುಕೊಂಡು ಅಂಗಾತ ಬಿದ್ದರು.

"ಒಯ್ಯಿರಿ ಇವನ್ನ," ಎಂದರು ಕಣ್ಣೊರೆಸಿಕೊಳ್ಳುತ್ತ. "ಇನ್ನ ಒಂದು ತಾಸು ಇಲ್ಲಿಟ್ಟರ ನನ್ನ ತಾಲೀಮು ತಮಾಷಾ ಆಗ್ತದ. ಎಣ್ಣಿ ಮಾತ್ರ ಮೈಯಾಗ ಇಳದದ. ಗುಣ ಕೊಟ್ಟೇ ಕೊಡ್ತದ."

ವಾಪಸು ಬರುವಾಗ ಬಸ್ಸಿನಲ್ಲಿ ಏಕನಾಥ ಅಂಗಿಗೆ ಹತ್ತಿದ ಎಣ್ಣೆ ಒರೆಸಿಕೊಳ್ಳುತ್ತ ಕೂತಿದ್ದ. ಕಿಟಕಿಯ ಹೊರಗೆ ತೊಗರಿ ಹೊಲಗಳು ಹಿಂದೆ ಸರಿಯುತ್ತಿದ್ದವು.

"ಚಾಚಾ, ನಾ ಬೇಕಂತ ನಗಂಗಿಲ್ರಿ," ಎಂದ ಕೊನೆಗೆ. "ಮಂದಿಗಿ ಚೇಷ್ಟಿ ಅನಸ್ತದ. ನನಗ ಒಳಗ ಅಳೂ ಬಂದಿರ್ತದ."

ಮಾಸ್ತರು ಅವನ ಹೆಗಲ ಮೇಲೆ ಕೈಯಿಡಲು ಹೋದರು. ನೆನಪಾಗಿ ಕೈ ಹಿಂದೆ ತೆಗೆದುಕೊಂಡು, ಅವನ ಮುಂದಿನ ಸೀಟಿನ ಕಂಬಿಯನ್ನೇ ಪ್ರೀತಿಯಿಂದ ಎರಡು ಸಲ ತಟ್ಟಿದರು.

ಉಪಾಯ ಹೊಳೆದದ್ದು ಮರಿಯಮಬೀಗೆ. "ನಿಮ್ಮ ಕೈ ರೂಢಿ ಆಗಿ ಏನ್ ಉಪಯೋಗ? ಅಲ್ಲಿ ನಾಪೋರು ನೀವೇನ್ರಿ? ಹೊರಗಿನವರ ಕೈ ರೂಢಿ ಆಗ್ಬೇಕು." ಮಾತು ಸರಿ ಎನಿಸಿತು. ಅಂದಿನಿಂದ ಅಂಗಡಿಗೆ ಬಂದ ಪ್ರತಿ ಗಿರಾಕಿಯೂ ಏಕನಾಥನ ಎದೆ ಅಳೆಯದೆ ತನ್ನ ಪ್ಯಾಂಟು ಒಯ್ಯುವಂತಿರಲಿಲ್ಲ. ಮಾಸ್ತರು ಪ್ರತಿಯೊಬ್ಬರಿಗೂ ಟೇಪು ಹಿಡಿಯುವುದನ್ನು ತಮ್ಮ ಪದ್ಧತಿಯಲ್ಲೇ ಕಲಿಸಿಕೊಟ್ಟರು. ಕಂಡಕ್ಟರುಗಳು ಅಳೆದರು. ಉದಗೀರ ಬಸ್ಸಿಗೆ ಕಾಯುತ್ತಿದ್ದ ಮರಾಠಿ ಮುದುಕರು "ಕಾಯ್ ಝಾಲಂ ರೇ ಬಾಬಾ ಹ್ಯಾಲಾ", ಇವನಿಗೇನಾಯಿತಪ್ಪಾ, ಎನ್ನುತ್ತ ಅಳೆದರು. ಕಮಲನಗರದ ಅಡತಿ ವ್ಯಾಪಾರಿಯೊಬ್ಬ ಅಳೆದು, ಇವನ ನಗು ಕೇಳಿ, ಸಂತೋಷಪಟ್ಟು, ಮರುವಾರ ತನ್ನ ಭಾವಮೈದುನನನ್ನೂ ಅಳೆಯಲು ಕರೆದುಕೊಂಡು ಬಂದ. ಭಾಲ್ಕಿಯಲ್ಲಿ ಬಸ್ಸು ತಪ್ಪಿದರೆ ಬೇಸರಪಡುವವರು ಆ ದಿನಗಳಲ್ಲಿ ಕಡಿಮೆಯಾದರು.

ಮತ್ತು ಆಶ್ಚರ್ಯ, ಗುಣ ಕಾಣತೊಡಗಿತು. ಮೇಜಿನ ಕೆಳಗೆ ಹೋಗುವುದು ನಿಂತಿತು. ಸೀಟಿ ನಿಂತಿತು. ಕಡೆಗೆ ಒಂದು ದಿನ ಏಕನಾಥ ಬರೀ ಮೈಯಲ್ಲಿ, ತುಟಿ ಕಚ್ಚಿ, ಮೂಗಿನಿಂದ ಅಷ್ಟಷ್ಟೇ ಗಾಳಿ ಸೋರಿಸುತ್ತ, ಟೇಪಿನ ಗೆರೆ ಓದುವಷ್ಟು ಹೊತ್ತು ನಿಂತ. ಮಾಸ್ತರು ತಮ್ಮ ವೃತ್ತಿಯ ವಾಡಿಕೆಯಂತೆ ಅಂಕಿಯನ್ನು ಉರ್ದುವಿನಲ್ಲಿ ಕೂಗಿದರು.

"ಸತ್ತಾಸಿ! ಬೇಗಂ, ಸತ್ತಾಸಿ!"

ಎಂಬತ್ತೇಳು. ಬೇಕಾದದ್ದಕ್ಕಿಂತ ಒಂದು ಹೆಚ್ಚು. ಮರಿಯಮಬೀ ಖೀರು ಮಾಡಿದಳು, ಭಾಗೀರಥಿಬಾಯಿ ಹಾಲು ತಂದಳು. ಜಿಲ್ಲೆಯ ಕೊನೆಯ ಛಾತಿಯೂ ಕೈವಶವಾಯಿತೆಂದು ಮಾಸ್ತರು ಅವತ್ತು ಗಲ್ಲಿಯಲ್ಲಿ ಬಹಮನಿ ಸುಲ್ತಾನರ ಹಾಗೆ ನಡೆದಾಡಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಏಕನಾಥ, ತಾಯಿ, ಮಾಸ್ತರು ಮೂವರೂ ಬೀದರಿಗೆ ಬಂದು ಇಳಿದರು. ಪೊಲೀಸ್ ಮೈದಾನದ ಹೊರಗೆ ಹುಮನಾಬಾದ, ಔರಾದ, ಬಸವಕಲ್ಯಾಣಗಳಿಂದ ಬಂದ ತಂದೆತಾಯಿಗಳ ಜಾತ್ರೆ. ಏಕನಾಥ ಅಂಗಿಗೆ ನಂಬರ್ ಚೀಟಿ ಚುಚ್ಚಿಕೊಂಡು ಒಳಗೆ ಹೋದ. ಮಾಸ್ತರು, ಭಾಗೀರಥಿಬಾಯಿ ತಂತಿ ಬೇಲಿಗೆ ಮುಖ ಆನಿಸಿ ನಿಂತರು. ಓಟ ಮೊದಲೇ ಇತ್ತು. ಏಕನಾಥ ಓಡಿದ್ದನ್ನು ನೋಡಿ ಪಕ್ಕದ ಯಾರೋ ಒಬ್ಬರು, "ಯಾರ್ ಹುಡುಗರಿ ಇವ? ಬೆನ್ನಿಗಿ ನಾಯಿ ಬಿದ್ದಾವೇನ್ರಿ?" ಎಂದು ಕೇಳಿದರು. "ನಮ್ಮ ಹುಡುಗರಿ," ಎಂದು ಭಾಗೀರಥಿಬಾಯಿ ಸೆರಗು ಸರಿಪಡಿಸಿಕೊಂಡಳು.

ಆಮೇಲೆ ಎದೆ ಅಳತೆಯ ಸಾಲು. ಅದು ಬೇಲಿಯ ಹತ್ತಿರವೇ ಇತ್ತು. ಉದ್ದ ಸಾಲು, ಮೆಲ್ಲಗೆ ಸರಿಯುವ ಸಾಲು. ಬಿಸಿಲು ಏರಿತು. ಮಾಸ್ತರು ಕಣ್ಣು ಕಿರಿದು ಮಾಡಿ ಅಳೆಯುವವನ ಕೈಗಳನ್ನೇ ನೋಡತೊಡಗಿದರು, ಒಬ್ಬ ಗವಾಯಿ ಇನ್ನೊಬ್ಬ ಗವಾಯಿಯ ಕಛೇರಿಗೆ ಹೋಗಿ ಕೂತ ಹಾಗೆ. ಟೇಪು ಬೆನ್ನ ಹಿಂದಿನಿಂದ ಬಂತು, ಸರಿ. ತೋಳಿನ ಕೆಳಗೆ ಸಮವಾಗಿ ಬಂತು, ಸರಿ. ಮುಂದೆ ಕೂಡಿತು, ಬಿಗಿಯಾಯಿತು. ಮೈಗೆ ಅಂಟಿಕೊಂಡಿತು.

ಮಾಸ್ತರು ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಟೇಪಿನ ಒಳಗೆ ಬೆರಳುಗಳಿರಲಿಲ್ಲ. ಇಲ್ಲಿ ಯಾರೂ ಹಬ್ಬದ ಹೋಳಿಗೆಗೆ ಜಾಗ ಬಿಡುತ್ತಿರಲಿಲ್ಲ. ಎರಡು ಬೆರಳಿನ ಸಡಿಲು ತೆಗೆದರೆ ಸತ್ತಾಸಿ ಏನಾಗುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಲೆಕ್ಕವಲ್ಲ. ಚೌರಾಸಿ. ಎಂಬತ್ತನಾಲ್ಕು. ಇಷ್ಟು ತಿಂಗಳು ಅವರು ಅಳೆದದ್ದು ಏಕನಾಥನ ಎದೆ ಮತ್ತು ತಮ್ಮ ಎರಡು ಬೆರಳು. ಕಂಡಕ್ಟರುಗಳು, ಮರಾಠಿ ಮುದುಕರು, ಕಮಲನಗರದ ಅಡತಿ, ಎಲ್ಲರೂ ಅವರು ಕಲಿಸಿದಂತೆ ತಂತಮ್ಮ ಬೆರಳುಗಳನ್ನು ಪ್ರಾಮಾಣಿಕವಾಗಿ ಕೂಡಿಸಿಯೇ ಅಳೆದಿದ್ದರು.

"ಏನಾಯ್ತು ಭಾಯ್? ಮಾರಿ ಯಾಕ ಬೆಳ್ಳಗಾಗ್ಯಾದ?" ಎಂದಳು ಭಾಗೀರಥಿಬಾಯಿ.

"ಬಿಸಲ ವೈನಿ, ಬಿಸಲ," ಎಂದವರೇ ಮಾಸ್ತರು ಗೇಟಿನತ್ತ ಧಾವಿಸಿದರು. ಗೇಟಿನಲ್ಲಿದ್ದ ಪೊಲೀಸ್ ಲಾಠಿ ಅಡ್ಡ ಹಿಡಿದ.

"ಎಲ್ಲಿಗಿ ಚಾಚಾ?"

"ಒಳಗ ಹೋಗ್ಬೇಕ್ರಿ ಸಾಹೇಬ್ರೆ. ಎರಡು ಬೆರಳಿಂದು ತಪ್ಪಾಗ್ಯಾದ. ಹುಡುಗಗ ಹೇಳ್ಬೇಕು."

ಪೊಲೀಸ್ ಅವರ ಎರಡೂ ಕೈಗಳನ್ನು ಕಾಳಜಿಯಿಂದ ತಿರುಗಿಸಿ ನೋಡಿದ. "ಐದೈದು ಬರೋಬ್ಬರಿ ಅದಾವಲ್ರಿ. ಹೋಗ್ರಿ, ನೆರಳಿಗಿ ಕೂಡ್ರಿ. ಮನ್ಯಾಗ ನಾಷ್ಟಾ ಮಾಡಿ ಬಂದೀರಿಲ್ಲೋ?"

ಅವರು ಬೇಲಿಗೆ ಮರಳುವ ಹೊತ್ತಿಗೆ ಏಕನಾಥನ ಸರದಿ ಬಂದಿತ್ತು. ಅಂಗಿ ಬಿಚ್ಚಿ, ಕೈ ಎತ್ತಿ ನಿಂತಿದ್ದ. ಭಾಗೀರಥಿಬಾಯಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚಿದಳು. ಮಾಸ್ತರಿಗೆ ಕಣ್ಣು ಮುಚ್ಚಲಿಕ್ಕೂ ಆಗಲಿಲ್ಲ.

ಟೇಪು ಬೆನ್ನ ಹಿಂದಿನಿಂದ ಬಂತು. ಏಕನಾಥ ನಗಲಿಲ್ಲ. ತೋಳಿನ ಕೆಳಗೆ ಬಂತು, ಸರಿಯಾಗಿ ಆ ಜಾಗಕ್ಕೆ, ತುಳಜಾರಾಮ ಉಸ್ತಾದರನ್ನು ಕೆಡವಿದ ಆ ಜಾಗಕ್ಕೆ. ಏಕನಾಥನ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. ಕಣ್ಣುಗಳು ದೂರದಲ್ಲಿ, ಮೈದಾನದ ಆಚೆ, ಈ ಲೋಕದ್ದಲ್ಲದ ಏನನ್ನೋ ನೋಡುತ್ತಿದ್ದವು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮೊಣಕಾಲುಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಂಡಿದ್ದವು, ಎಷ್ಟೋ ವರ್ಷ ನೌಕರಿ ಮಾಡಿದ ಪೊಲೀಸನ ಹಾಗೆ. ಅಳೆಯುವವನು ಒಂದು ಅಂಕಿ ಹೇಳಿದ, ಪಕ್ಕದವನು ಬರೆದುಕೊಂಡ.

"ಉಸಿರು ಎಳಿ."

ಏಕನಾಥ ಎಳೆದ. ಮಾಸ್ತರು ಜೀವಮಾನದಲ್ಲಿ ಅಂಥ ಎಳೆತ ಕಂಡಿರಲಿಲ್ಲ. ಬೀದರಿನ ಗಾಳಿಯೆಲ್ಲ ಒಂದು ಮೂಗಿನತ್ತ ಹೊರಟ ಹಾಗಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತು, ಎದೆ ಏರಿತು, ಏರಿ ಅಲ್ಲೇ ನಿಂತಿತು. ಅಂಗಡಿಯಲ್ಲಿ ಯಾವಾಗಲೂ ಮೂಗಿನಿಂದ ಸೋರಿ ಹೋಗುತ್ತಿದ್ದ ಗಾಳಿ ಇವತ್ತು ಒಂದು ಎಳೆಯಷ್ಟೂ ಸೋರಲಿಲ್ಲ. ಕೋಟೆಯ ಬುರುಜಿಗೆ ಯಾರೋ ಟೇಪು ಸುತ್ತಿದಂತಿತ್ತು. ಅಳೆಯುವವನು ಅಂಕಿ ನೋಡಿ, ಟೇಪು ತೆಗೆದರೂ ಆ ಎದೆ ಇಳಿಯಲಿಲ್ಲ.

"ಆಯ್ತು, ಬಿಡಪ್ಪಾ ಉಸಿರು! ಬಿಡು!" ಎಂದು ಅವನೇ ಗಾಬರಿಯಾಗಿ ಹೆಗಲು ತಟ್ಟಿದ.

ಅಂಕಿ ಏನೆಂದು ಬೇಲಿಯ ಹೊರಗೆ ಕೇಳಿಸಲಿಲ್ಲ. ಕಂಡದ್ದು ಇಷ್ಟು: ಏಕನಾಥ ಚೀಟಿ ಕಸಿದುಕೊಂಡ, ಅಂಗಿ ಬಗಲಿಗೆ ಇಟ್ಟ, ಗೇಟಿನಿಂದ ಬಾಣದಂತೆ ಹೊರಬಂದ, ತಾಯಿಯನ್ನೂ ಮಾಸ್ತರನ್ನೂ ನೋಡಿಯೂ ನೋಡದವನಂತೆ ದಾಟಿ, ಬೆಳಗಿನ ಓಟಕ್ಕಿಂತಲೂ ಜೋರಾಗಿ ಮೂಲೆಯ ಗೋಡೆಯ ಹಿಂದೆ ಮಾಯವಾದ.

"ಹೋಯ್ತು," ಎಂದಳು ಭಾಗೀರಥಿಬಾಯಿ. "ಅಳ್ಲಾಕ ಹೋದ ನನ್ನ ಕೂಸು. ನಮ್ಮ ಮುಂದ ಅಳಬಾರ್ದಂತ ಆ ಕಡಿ ಹೋದ."

ಮಾಸ್ತರು ಬೇಲಿಗೆ ಬೆನ್ನು ಆನಿಸಿದರು. ತಮ್ಮ ಬಲಗೈಯ ಎರಡು ಬೆರಳುಗಳನ್ನು ಎಡಗೈಯಲ್ಲಿ ಮುಚ್ಚಿಕೊಂಡು ನಿಂತರು. "ವೈನಿ," ಎಂದು ಶುರುಮಾಡಿದರು. "ಎಮ್ಮಿ ಸಾಕೋದೂ ಇಜ್ಜತ್ತಿನ ಕೆಲಸೇ ಅದ..." ಆಕೆ ನೋಡಿದ ನೋಟಕ್ಕೆ ಅವರು ಗೋಡೆಯತ್ತ ಮುಖ ತಿರುಗಿಸಿಬಿಟ್ಟರು.

ಗೋಡೆಯ ಹಿಂದಿನಿಂದ ಏಕನಾಥ ಬಂದ. ನಿಧಾನವಾಗಿ ಬಂದ. ಮುಖದಲ್ಲಿ ಅಂಥ ಶಾಂತಿಯನ್ನು ಮಾಸ್ತರು ದರ್ಗಾದ ಫಕೀರರಲ್ಲಿ ಮಾತ್ರ ಕಂಡಿದ್ದರು.

"ಪಾಸ್ ಆದೆ ಅವ್ವಾ," ಎಂದ. "ಎಂಬತ್ತೇಳೂವರಿ."

ಭಾಗೀರಥಿಬಾಯಿ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು. ಮಗನನ್ನು ತಬ್ಬಿಕೊಳ್ಳಲು ಹೋದಳು. ಅವನು ಕೀರಲು ದನಿಯಲ್ಲಿ ನಕ್ಕು ಎರಡು ಹೆಜ್ಜೆ ಹಿಂದೆ ಹಾರಿದ. ಕಚಗುಳಿ ಎಲ್ಲಿಗೂ ಹೋಗಿರಲಿಲ್ಲ. ಮಾಸ್ತರ ಕುತೂಹಲ ಕೆರಳಿದ್ದೇ ಅಲ್ಲಿ. ಎಂಬತ್ತೇಳೂವರೆ, ಅದೂ ಬೆರಳಿಲ್ಲದೆ! ಆದರೆ ಗೆದ್ದ ಸೇನಾಪತಿ ಲೆಕ್ಕಪತ್ರ ಕೇಳುವುದಿಲ್ಲ. ಬೆರಳುಗಳ ವಿಷಯವನ್ನು ಅವರು ಅಲ್ಲೇ, ಬೀದರಿನ ಮಣ್ಣಿನಲ್ಲೇ, ಗುಟ್ಟಾಗಿ ಹೂತುಬಿಟ್ಟರು.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪೂರಿ, ಪೇಡೆ ಮುಂದಿಟ್ಟುಕೊಂಡು ಕೂತರು. ಕೀರ್ತಿ ಹಂಚುವ ಕೆಲಸ ಶುರುವಾಯಿತು.

"ಖಾನಾಪುರದ ಮೈಲಾರ ಮಲ್ಲಣ್ಣಗ ಭಂಡಾರ ಹಾರಸ್ತೀನಿ ಅಂತ ಬೇಡ್ಕೊಂಡಿದ್ದೆ," ಎಂದಳು ಭಾಗೀರಥಿಬಾಯಿ. "ಟೇಪು ಹಿಡದ ಟೈಮಿಗಿ ಅಂವಾ ಬಂದು ಇವನ ಬಾಯಿ ಮ್ಯಾಲ ಕೈ ಇಟ್ಟಾನ."

ಫೋನಿನಲ್ಲಿ ಮರಿಯಮಬೀ ಜೋರಾಗಿ ಕೂಗುತ್ತಿದ್ದಳು. "ನಾ ದರ್ಗಾದಿಂದ ದಾರ ತಂದು ಕೈಗಿ ಕಟ್ಟೀನಿ, ಅದನ್ನ ಯಾರೂ ಹೇಳಂಗಿಲ್ಲ ನೋಡ್ರಿ!" ಆ ಫೋನು ಇಡುವುದರೊಳಗೆ ಔರಾದಿನಿಂದ ತುಳಜಾರಾಮ ಉಸ್ತಾದರ ಫೋನು. ಸುದ್ದಿ ಅವರಿಗೆ ಹೇಗೆ ಮುಟ್ಟಿತೋ. "ಹೇಳಿದ್ನಿಲ್ರಿ ಮಾಸ್ತರ್? ಎಣ್ಣಿ ಇಳದದ ಅಂತ? ಒಂದ್ಸಲ ನನ್ನ ಕೈ ಬಿದ್ದ ಮೈ ಅದು!"

"ಎಣ್ಣಿ ಅಂತ ಎಣ್ಣಿ," ಎಂದು ಮಾಸ್ತರು ಫೋನಿಟ್ಟು ಗೊಣಗಿದರು. "ಆಲೂ ಭಜಿ ಕರದಿದ್ರ ಉಪಯೋಗಾದ್ರೂ ಆಗ್ತಿತ್ತು. ವೈನಿ, ಮಲ್ಲಣ್ಣನ ಕೃಪಾ ಇದ್ದೇ ಅದ, ಇಲ್ಲ ಅನ್ನಂಗಿಲ್ಲ. ಆದ್ರ ನಾ ನನ್ನ ಕಣ್ಣಿಲೆ ನೋಡೀನಿ. ಅದು ತಪಸ್ಸು. ಇಡೀ ಭಾಲ್ಕಿ ಇವನ ಛಾತಿ ನಾಪಿದ್ದು ಸುಮ್ಮ ಹೋಗಿಲ್ಲ. ಮನಸ್ಸು ಗಟ್ಟಿ ಆಗ್ಯಾದ. ಸಂತರಿಗಿ ಆಗ್ತದ ನೋಡ್ರಿ, ಹಂಗ."

ಪಕ್ಕದ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದ, ಮುಂದಿನ ದಿನ ಅಳತೆಗೆ ನಿಲ್ಲಬೇಕಾಗಿದ್ದ ಮನ್ನಳ್ಳಿಯ ಹುಡುಗರಿಬ್ಬರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಹೋಟೆಲಿನವನು ಪೂರಿ ಎತ್ತುವ ಝಾರಾ ಕೈಯಲ್ಲೇ ಹಿಡಿದು ನಿಂತ. ಮಾಸ್ತರು ಸುತ್ತ ಒಮ್ಮೆ ನೋಡಿ, ಟೇಪು ಸರಿಪಡಿಸಿಕೊಂಡು, ಶಿಷ್ಯನ ಕಡೆ ತಿರುಗಿದರು.

"ಬೇಟಾ, ನೀನೇ ಹೇಳು. ಇವರೆಲ್ಲಾ ಕೇಳ್ಲಿ. ಟೇಪು ಮೈಗಿ ತಾಗ್ದಾಗ ನಿನ್ನ ಮನಸ್ಸಿನ್ಯಾಗ ಏನಿತ್ತು? ಯಾರ್ನ ನೆನಸಿದಿ? ದೂರ ನೋಡ್ಕೋತ ನಿಂತಿದ್ಯಲ್ಲ, ಏನ್ ಕಾಣಸ್ತಿತ್ತು ನಿನಗ?"

ಏಕನಾಥ ಬಾಯಲ್ಲಿದ್ದ ಪೂರಿ ನುಂಗಿ, ನೀರಿನ ಲೋಟವನ್ನು ಆಚೆ ಸರಿಸಿದ.

"ಒಂದಕ್ಕ ಅವಸರ ಆಗಿತ್ತರಿ ಚಾಚಾ. ಓಡಿ ಬಂದು ಭಾಳ ನೀರು ಕುಡದಿದ್ದೆ. ಲೈನ್ ಬಿಟ್ಟು ಹೋಗಬ್ಯಾಡ ಅಂದ್ರು."